ಡಿಪ್ ಹಾಕಿದರೆ ಎಡಗಡೆ ಲೈಟ್ ಕಂದೀಲು: 1985ರ ಅಂಬಾಸಿಡರ್

ಗಂಗಾವತಿ ಅಂಬಿ:

ಎಲ್ಲರಿಗೂ ನಮಸ್ಕಾರ. ನಮ್ಮದು 1985ರ ಅಂಬಾಸಿಡರ್ ಮಾರ್ಕ್ 4. ದೊಡ್ಡಪ್ಪನ ಗಾಡಿ, ಈಗ ನಾನು ಓಡಿಸುತ್ತೇನೆ. 12 ವೋಲ್ಟ್, ಬ್ಯಾಟರಿಯ ಮೈನಸ್ ವೈರ್ ಗಾಡಿಯ ಬಾಡಿಗೆ, ಅಂದರೆ ತಗಡಿಗೆ, ಸೇರಿದೆ.

ಹೋದ ಹುಣ್ಣಿಮೆಗೆ ಮನೆಯವರನ್ನೆಲ್ಲ ಹುಲಿಗಿಗೆ ಕರೆದುಕೊಂಡು ಹೋಗಿದ್ದೆ. ವಾಪಸ್ ಹೊರಟಾಗ ರಾತ್ರಿ ಹತ್ತು ಗಂಟೆ. ಬಲಗಡೆ ಹೆಡ್‌ಲೈಟ್ ಹೇಗೋ ಪರವಾಗಿಲ್ಲ. ಎಡಗಡೆಯದು ಮಾತ್ರ ಕಂದೀಲಿನ ಹಾಗೆ ಹಳದಿ. ಊರು ಹತ್ತಿರ ಬಂದಾಗ ಮುಂದೆ ಭತ್ತದ ಟ್ರ್ಯಾಲಿ, ಹಿಂದೆ ಒಂದು ಕೆಂಪು ದೀಪವೂ ಇಲ್ಲ. ತೀರಾ ಹತ್ತಿರ ಹೋದ ಮೇಲೆ ಕಾಣಿಸಿತು. ಬ್ರೇಕ್ ತುಳಿದ ರಭಸಕ್ಕೆ ಪ್ರಸಾದದ ಬುಟ್ಟಿ ಮುಂದಿನ ಸೀಟಿಗೆ ಬಂತು. "ಲೈಟ್ ಆರಿಸಿ ಹೊಡಿ, ಬೆಳದಿಂಗಳೇ ಚಲೋ ಇದೆ" ಅಂದರು ದೊಡ್ಡಪ್ಪ.

ಬಲ್ಬ್ ಹೊಸದು, 60/55 ವ್ಯಾಟ್ (ದೂರಕ್ಕೆ ಹೊಡೆಯುವ ಹೈ ಬೀಮ್‌ಗೆ 60, ಕೆಳಗೆ ಬೀಳುವ ಡಿಪ್‌ಗೆ 55). ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿ ನೋಡಿದೆ. ಆಗಲೂ ಎಡಗಡೆಯೇ ಮಂಕು. ಹೈ ಬೀಮ್ ಹಾಕಿದರೂ ಅಷ್ಟೇ. ಇನ್ನೊಂದು ವಿಚಿತ್ರ: ಡಿಪ್‌ನಲ್ಲಿ ಇದ್ದಾಗಲೂ ಡ್ಯಾಶ್‌ಬೋರ್ಡಿನ ಹೈ ಬೀಮ್ ದೀಪ ಮಿಣಮಿಣ ಅನ್ನುತ್ತದೆ. ಊರಿನ ಎಲೆಕ್ಟ್ರಿಷಿಯನ್ ಒಬ್ಬರು ಪೂರ್ತಿ ವೈರಿಂಗ್ ಬದಲಿಸಬೇಕು ಅಂತ ಹೇಳಿದ್ದಾರೆ. ಅಷ್ಟು ಖರ್ಚು ಬೇಕಾ?

ರಾಯಚೂರು ರೈಡರ್:

ಬ್ರೋ, ಎಲ್‌ಇಡಿ ಹಾಕಿಬಿಡಿ. ಇಲ್ಲಾಂದ್ರೆ 100/90 ಬಲ್ಬ್. ನಮ್ಮ ಜೀಪಿಗೆ ಹಾಕಿದ್ದೇವೆ, ಹಗಲಿನ ಹಾಗೆ ಬೆಳಕು.

ಕೆಂಪುಧೂಳು ಬಳ್ಳಾರಿ:

ಎಲ್‌ಇಡಿ ಸದ್ಯಕ್ಕೆ ಬೇಡ ತಮ್ಮಾ. ಆ ಡೂಮ್ (ಬಲ್ಬ್ ಕೂರುವ ಬೆಳ್ಳಿ ಬಣ್ಣದ ಬಟ್ಟಲು) ಮಾಡಿರುವುದು ಫಿಲಮೆಂಟ್ ಬಲ್ಬಿಗೆ. ಬೆಳಕು ಹುಟ್ಟುವ ಜಾಗ ಸ್ವಲ್ಪ ಆಚೀಚೆ ಆದರೂ ಫೋಕಸ್ ಕೆಡುತ್ತದೆ, ಎದುರಿನವನ ಕಣ್ಣಿಗೆ ಹೊಡೆಯುತ್ತದೆ. 100/90 ಅಂತೂ ಮುಟ್ಟಲೇಬೇಡ. ಎರಡು ಬಲ್ಬಿಗೆ ಸೇರಿ 16 ಆಂಪಿಯರ್ ಮೇಲೆ ಹೋಗುತ್ತದೆ. ಆ ಹಳೇ ಸ್ವಿಚ್ಚು, ಹಳೇ ವೈರು ತಡೆಯಲ್ಲ.

ನಾನು ಬಳ್ಳಾರಿಯಲ್ಲಿ ಮೂವತ್ತು ವರ್ಷ ಗಾಡಿ ವೈರಿಂಗ್ ಮಾಡಿದವನು. ಸಂಡೂರು ಕಡೆಯ ಅದಿರು ಲಾರಿಗಳು ಕೆಂಪು ಧೂಳು ಮೆತ್ತಿಕೊಂಡು ಬರುತ್ತಿದ್ದವು. ಲೈಟ್ ಮಂಕು ಅಂತ ಬಂದರೆ ಬಲ್ಬ್ ನೋಡುವ ಮೊದಲು ಅರ್ಥಿಂಗ್ ಸ್ಕ್ರೂ, ಅಂದರೆ ಬಲ್ಬಿನ ಮೈನಸ್ ವೈರನ್ನು ಗಾಡಿಯ ತಗಡಿಗೆ ಬಿಗಿಯುವ ಸ್ಕ್ರೂ, ನೋಡುತ್ತಿದ್ದೆ.

ನೀನು ವಿಚಿತ್ರ ಅಂದೆಯಲ್ಲ, ಉತ್ತರ ಅಲ್ಲೇ ಇದೆ. ಎಡಗಡೆ ಬಲ್ಬಿನ ಅರ್ಥಿಂಗ್ ಕೆಟ್ಟಿದೆ. ಡಿಪ್ ಫಿಲಮೆಂಟಿಗೆ ಬಂದ ಕರೆಂಟಿಗೆ ಬಾಡಿಗೆ ಇಳಿಯಲು ದಾರಿ ಇಲ್ಲ. ಅದು ಸುಮ್ನೆ ಕೂರಲ್ಲ. ಅದೇ ಬಲ್ಬಿನ ಹೈ ಫಿಲಮೆಂಟಿಗೆ ನುಗ್ಗಿ, ಹೈ ಬೀಮ್ ವೈರಿನಲ್ಲಿ ಹಿಂದಕ್ಕೆ ಹೋಗಿ, ಬಲಗಡೆ ಬಲ್ಬಿನ ಮೂಲಕ ಬಾಡಿಗೆ ಇಳಿಯುತ್ತದೆ. ಹೈ ಬೀಮ್ ದೀಪವೂ ಅದೇ ವೈರಿಗೆ ಸೇರಿದ್ದು. ಅದಕ್ಕೇ ಮಿಣಮಿಣ.

ಮೀಟರ್ ಇಲ್ಲದೆಯೂ ನೋಡಬಹುದು. ಲೈಟ್ ಹಾಕಿ, ಎಡ ಬಲ್ಬಿನ ಅರ್ಥಿಂಗ್ ಪಿನ್ನಿನಿಂದ ಬ್ಯಾಟರಿ ಮೈನಸ್‌ಗೆ ನೇರವಾಗಿ ಒಂದು ವೈರ್ ಮುಟ್ಟಿಸು. ಬೆಳಕು ಭಗ್ ಅಂದರೆ ಕಾಯಿಲೆ ಗೊತ್ತಾಯಿತು. ಬೇರೆಯವರೂ ಓದುತ್ತಾರೆ ಅಂತ ಹೇಳುತ್ತೇನೆ: ಕೆಲವು ಹಳೇ ಗಾಡಿಗಳಲ್ಲಿ ಪ್ಲಸ್ ಬಾಡಿಗೆ ಇರುತ್ತದೆ, ಮೊದಲು ಅದನ್ನು ನೋಡಿಕೊಳ್ಳಿ.

ಒಂದು ಪ್ರಶ್ನೆ. ಇತ್ತೀಚೆಗೆ ಪೇಂಟ್ ಮಾಡಿಸಿದ್ದೀಯಾ?

ಗಂಗಾವತಿ ಅಂಬಿ:

ಕಾಕಾ, ನಿಮಗೆ ಹೇಗೆ ಗೊತ್ತಾಯಿತು! ಬೇಸಿಗೆಯಲ್ಲಿ ಎಡಗಡೆ ಮಡ್‌ಗಾರ್ಡ್ ಟಿಂಕರಿಂಗ್ ಮಾಡಿಸಿ ಪೇಂಟ್ ಹೊಡೆಸಿದ್ದೆ.

ವೈರ್ ಮುಟ್ಟಿಸಿದೆ. ಭಗ್ ಅಂತು. ಪಕ್ಕದ ಮನೆಯವರ ಮಲ್ಟಿಮೀಟರ್ ತಂದು ಅಳೆದೂ ನೋಡಿದೆ. ಇಂಜಿನ್ ಓಡುತ್ತಾ, ಡಿಪ್ ಹಾಕಿದಾಗ ಬ್ಯಾಟರಿ ಮೇಲೆ 13.4. ಬ್ಯಾಟರಿ ಮೈನಸ್‌ನಿಂದ ಎಡ ಬಲ್ಬಿನ ಅರ್ಥಿಂಗ್ ಪಿನ್ನಿಗೆ 6.2 ವೋಲ್ಟ್, ಬಲಗಡೆ 0.1. ಪ್ಲಸ್ ಕಡೆ ಬ್ಯಾಟರಿಯಿಂದ ಬಲ್ಬಿನ ಡಿಪ್ ಪಿನ್ನಿಗೆ ಎರಡೂ ಕಡೆ 1.6. ಇದೂ ಜಾಸ್ತಿನಾ?

ಕೆಂಪುಧೂಳು ಬಳ್ಳಾರಿ:

ಜಾಸ್ತಿನೇ. ಪ್ಲಸ್ ಕಡೆ ಅರ್ಧ ವೋಲ್ಟಿನೊಳಗೆ ಇರಬೇಕು. ಮೈನಸ್ ಕಡೆ 0.2 ದಾಟಬಾರದು. ಲೈಟ್ ಹಾಕಿಯೇ ಅಳೆದೆ, ಅದು ಒಳ್ಳೆಯದು. ಬಲ್ಬ್ ಬಿಚ್ಚಿ ಹೋಲ್ಡರಿಗೆ ಮೀಟರ್ ಇಟ್ಟರೆ ಎಂಥಾ ಕಿಲುಬು ಹಿಡಿದ ವೈರೂ 12 ತೋರಿಸುತ್ತದೆ. ಎಷ್ಟೋ ಜನ ಅಲ್ಲೇ ಮೋಸ ಹೋಗುತ್ತಾರೆ.

ಮೊದಲು ಅರ್ಥಿಂಗ್ ಮುಗಿಸು. ಲಗ್ (ವೈರಿನ ತುದಿಯ ಲೋಹದ ಬಳೆ) ಕೂರುವ ಜಾಗದ ಪೇಂಟ್ ಕೆರೆದು ತಗಡು ಹೊಳೆಯಬೇಕು. ಸ್ಕ್ರೂ ಬಿಗಿದ ಮೇಲೆ ಸ್ವಲ್ಪ ವ್ಯಾಸಲೀನ್ ಹಚ್ಚು.

ಪದ್ಮಿನಿ ಪ್ರಿಯ, ಸಿಂಧನೂರು:

ನನ್ನದು ಪ್ರೀಮಿಯರ್ ಪದ್ಮಿನಿ, ಆದರೂ ಬಾಯಿ ಹಾಕುತ್ತೇನೆ. ಆ 1.6 ವೋಲ್ಟ್ ಸ್ವಿಚ್ಚು ಮತ್ತು ಡಿಪ್ಪರ್ (ಹೈ, ಡಿಪ್ ಬದಲಿಸುವ ಸ್ವಿಚ್ಚು) ನುಂಗುತ್ತಿವೆ. ವೋಲ್ಟೇಜ್ ನೂರಕ್ಕೆ ಹತ್ತು ಇಳಿದರೆ ಬೆಳಕು ಸುಮಾರು ಮೂವತ್ತು ಇಳಿಯುತ್ತದೆ. ಬಲಗಡೆಯದು ಪರವಾಗಿಲ್ಲ ಅಂದಿರಲ್ಲ, ಅದೂ ಮಂಕೇ. ಎಡದ್ದರ ಪಕ್ಕ ಇಟ್ಟು ನೋಡಿದ್ದಕ್ಕೆ ಚೆನ್ನಾಗಿ ಕಂಡಿದೆ.

ಅಂಬಾಸಿಡರಿನ ಡಿಪ್ಪರ್ ಇರುವುದು ಕಾಲಡಿಯಲ್ಲಿ, ಕ್ಲಚ್ ಪಕ್ಕ. ಗದ್ದೆಯಿಂದ ಬಂದವರು ಕೆಸರು ಕಾಲಿನಲ್ಲೇ ಗಾಡಿ ಹತ್ತಿದರೆ ಎಲ್ಲ ಅದರ ತಲೆ ಮೇಲೆ. ಹತ್ತು ನಿಮಿಷ ಲೈಟ್ ಹಾಕಿ ಕೈ ಇಟ್ಟು ನೋಡಿ, ಬಿಸಿ ಇರುತ್ತದೆ.

ಎರಡು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಹಾಯಿಸುವ ಸ್ವಿಚ್ಚು) ಹಾಕಿ, ಡಿಪ್‌ಗೆ ಒಂದು, ಹೈಗೆ ಒಂದು. ಬ್ಯಾಟರಿಯಿಂದ ಫ್ಯೂಸ್ ಮೂಲಕ 2.5 ಎಂಎಂ ವೈರ್ ರಿಲೇಯ 30ನೇ ನಂಬರ್ ಪಿನ್ನಿಗೆ, 87ನೇ ಪಿನ್ನಿನಿಂದ ಬಲ್ಬಿಗೆ. ಹಳೇ ವೈರ್ 86ಕ್ಕೆ, 85 ಬಾಡಿಗೆ. ಆಮೇಲೆ ಡಿಪ್ಪರಿಗೆ ರಿಲೇ ಎಬ್ಬಿಸುವಷ್ಟೇ ಕೆಲಸ. ಡೂಮ್ ಒಳಗಿನ ಬೆಳ್ಳಿ ಬಣ್ಣ ಕಪ್ಪಾಗಿದೆಯಾ ಅಂತಲೂ ನೋಡಿ. ಬಟ್ಟೆ ಹಾಕಿ ಉಜ್ಜಬೇಡಿ, ಇದ್ದದ್ದೂ ಕಿತ್ತು ಬರುತ್ತದೆ. ನಾನು ಉಜ್ಜಿ ಕೆಟ್ಟವನು.

ಗಂಗಾವತಿ ಅಂಬಿ:

ಎರಡು ಭಾನುವಾರ ಹಿಡಿಯಿತು. ಎಡಗಡೆ ಅರ್ಥಿಂಗ್ ಸ್ಕ್ರೂ ಬಿಚ್ಚಿದರೆ ಕೆಳಗೆ ಪುಟ್ಟಿ, ಅದರ ಮೇಲೆ ದಪ್ಪನೆ ಬಿಳಿ ಪೇಂಟ್. ಲಗ್ ಬರೀ ಸ್ಕ್ರೂವಿನ ಎರಡು ಸುತ್ತಿನ ಮೇಲೆ ಜೀವ ಹಿಡಿದಿತ್ತು. ಕೆರೆದು ಬಿಗಿದ ಮೇಲೆ ಅಲ್ಲೂ 0.1. ಡ್ಯಾಶ್‌ಬೋರ್ಡ್ ದೀಪದ ಮಿಣಮಿಣ ಆಗಲೇ ನಿಂತಿತು.

ತಮಾಷೆ ಏನೆಂದರೆ ಪ್ಲಸ್ ಕಡೆಯ 1.6 ಇದ್ದದ್ದು 1.9 ಆಯಿತು. ಏನೋ ಕೆಡಿಸಿದೆ ಅಂತ ಗಾಬರಿಯಾಗಿ ಕಾಕಾಗೆ ಮೆಸೇಜ್ ಹಾಕಿದೆ. "ಈಗ ಎರಡೂ ಬಲ್ಬ್ ಹೊಟ್ಟೆ ತುಂಬ ಕರೆಂಟ್ ಎಳೆಯುತ್ತಿವೆ, ಅದಕ್ಕೇ" ಅಂದರು. ಡಿಪ್ಪರ್ ಮುಟ್ಟಿದರೆ ಚಹಾದ ಲೋಟ. ರಿಲೇ ಹಾಕಿದೆ, ಈಗ 0.3.

ನಮ್ಮ ಓಣಿಯ ರೈಸ್ ಮಿಲ್ಲಿನ ಗೋಡೆಗೆ 25 ಅಡಿ ದೂರ ನಿಲ್ಲಿಸಿ ಫೋಕಸ್ ಸರಿ ಮಾಡಿದೆ. ಹಮಾಲರು ಚೀಲ ಇಳಿಸುವುದು ಬಿಟ್ಟು ಬಂದು ಮೇಲೆ, ಕೆಳಗೆ ಅಂತ ಹೇಳಿಕೊಟ್ಟರು. ಅಮಾವಾಸ್ಯೆ ರಾತ್ರಿ ಬೇಕಂತಲೇ ಕನಕಗಿರಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದೆವು. ರಸ್ತೆ ಬದಿಯ ಕಲ್ಲಿನ ಮೇಲಿನ ಅಂಕಿ ದೂರದಿಂದಲೇ ಓದಿದರು ದೊಡ್ಡಪ್ಪ. ಇಳಿಯುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡಿದ್ದರು. ಡಿಪ್ಪರಿಗೆ ಮಣ್ಣು ಬೀಳಬಾರದಂತೆ.