ಕೋಬಾಲ್ಟ್ ಪುಡಿಯಲ್ಲಿ ಎನ್‌ಎಂಆರ್: ಎಕೋ ಸಿಗ್ತಿಲ್ಲ, 206.2ರಲ್ಲಿ ಮಾತ್ರ ಒಂದು ಗೆರೆ

ಮಂಜುಬೆಟ್ಟ (ಮಡಿಕೇರಿ)

ಎಲ್ಲರಿಗೂ ನಮಸ್ಕಾರ. ನಾನು ಪದವಿ ತರಗತಿಗೆ ಭೌತಶಾಸ್ತ್ರ ಪಾಠ ಮಾಡ್ತೀನಿ. ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿರುವ ನ್ಯೂಕ್ಲಿಯಸ್‌ಗಳನ್ನು ರೇಡಿಯೋ ಅಲೆಯಿಂದ ತಟ್ಟಿ ಅವುಗಳ ಉತ್ತರ ಕೇಳುವ ವಿಧಾನ) ಅಂದ ಕೂಡಲೇ ನಮ್ಮ ಮಕ್ಕಳಿಗೆ ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರವೇ ಕಣ್ಮುಂದೆ ಬರುತ್ತೆ, ಕೋಟಿಗಟ್ಟಲೆ ದುಡ್ಡಿನ ಮ್ಯಾಗ್ನೆಟ್ ಇಲ್ಲದೆ ಆಗೋದೇ ಇಲ್ಲ ಅಂದ್ಕೊಂಡಿದ್ದಾರೆ. ಆದರೆ ಕೋಬಾಲ್ಟ್ ಲೋಹದಲ್ಲಿ ಅದರದೇ ಎಲೆಕ್ಟ್ರಾನುಗಳು ನ್ಯೂಕ್ಲಿಯಸ್ ಇರುವ ಜಾಗದಲ್ಲಿ ಸುಮಾರು 21 ಟೆಸ್ಲಾ ಕ್ಷೇತ್ರ ಹುಟ್ಟಿಸ್ತವೆ. ಹೊರಗಿನ ಮ್ಯಾಗ್ನೆಟ್ ಬೇಡವೇ ಬೇಡ. ಇದನ್ನು ಅವರು ಕಣ್ಣಾರೆ ನೋಡಬೇಕು ಅನ್ನೋ ಆಸೆಯಿಂದ ಎರಡು ತಿಂಗಳಿಂದ ಮನೆಯಲ್ಲೇ ಕಟ್ಟುತ್ತಿದ್ದೀನಿ.

ನನ್ನ ಹತ್ತಿರ ಇರೋದು: ಸಿಗ್ನಲ್ ಜನರೇಟರ್, ಆರ್‌ಎಫ್ (ರೇಡಿಯೋ ಆವರ್ತನದ) ಸ್ವಿಚ್, 10 ವ್ಯಾಟ್ ಆಂಪ್ಲಿಫೈಯರ್, ಆರು ಸುತ್ತಿನ ಸಣ್ಣ ಕಾಯಿಲ್, ಎರಡು ಟ್ರಿಮ್ಮರ್ (ತಿರುಗಿಸಿ ಟ್ಯೂನ್ ಮಾಡುವ ಕೆಪಾಸಿಟರ್), ಎದುರುಬದುರು ಕಟ್ಟಿದ 1ಎನ್4148 ಡಯೋಡ್, 35 ಸೆಂ.ಮೀ. ಕ್ವಾರ್ಟರ್ ವೇವ್ (ಅಲೆಯುದ್ದದ ಕಾಲು ಭಾಗದ) ಕೇಬಲ್, ಪ್ರೀಆಂಪ್, ಅದರ ಹಿಂದೆ ಎಸ್‌ಡಿಆರ್ (ಕಂಪ್ಯೂಟರಿಗೆ ಜೋಡಿಸುವ ರೇಡಿಯೋ ರಿಸೀವರ್) ಮತ್ತು ಆಸಿಲೋಸ್ಕೋಪ್. ಪುಡಿಯನ್ನು ಗಾಜಿನ ನಳಿಕೆಗೆ ಒತ್ತಿ ತುಂಬಿದ್ದೀನಿ. 217 ಮೆಗಾಹರ್ಟ್ಸ್, ಮೊದಲ ಪಲ್ಸ್ 10 ಮೈಕ್ರೋಸೆಕೆಂಡ್, ಎರಡನೆಯದು 20, ನಡುವಿನ ಅಂತರ 200. ಪ್ರಯೋಗಾಲಯದ ಪ್ರೋಟಾನ್ ಎನ್‌ಎಂಆರ್ ಕೈಪಿಡಿಯಿಂದ ತಗೊಂಡ ಲೆಕ್ಕ ಇದು.

ಎಕೋ, ಅಂದರೆ ಎರಡು ಪಲ್ಸ್ ಆದ ಮೇಲೆ ನ್ಯೂಕ್ಲಿಯಸ್‌ಗಳಿಂದ ಮರಳಿ ಬರಬೇಕಾದ ಸಿಗ್ನಲ್, ಇಲ್ಲ. ಎಸ್‌ಡಿಆರ್‌ನಲ್ಲಿ ಹುಡುಕಿದರೆ 206.2 ಮೆಗಾಹರ್ಟ್ಸ್‌ನಲ್ಲಿ ಮಾತ್ರ ಗಟ್ಟಿಯಾದ ಗೆರೆ. ನಳಿಕೆ ತೆಗೆದರೂ ಅದು ಹೋಗಲ್ಲ. ಇದು ಕೋಬಾಲ್ಟಿನದೇ ಇರಬಹುದಾ?

---

ತಂತಿಮನೆ (ಕುಶಾಲನಗರ)

ಮೇಡಂ, ನಳಿಕೆ ತೆಗೆದ ಮೇಲೂ ಇದೆ ಅಂದರೆ ಅದು ಕೋಬಾಲ್ಟಿನದಲ್ಲ. 206.2ನ್ನು ಎರಡರಿಂದ ಭಾಗಿಸಿ ನೋಡಿ, 103.1. ನಮ್ಮ ಮಡಿಕೇರಿ ಆಕಾಶವಾಣಿ! ಅಷ್ಟು ಹತ್ತಿರದಲ್ಲಿ ಎಫ್‌ಎಂ ಸಿಗ್ನಲ್ ಪ್ರೀಆಂಪ್‌ಗೆ ತಡೆಯಲಾರದಷ್ಟು ಬರುತ್ತೆ, ಆಗ ಪ್ರೀಆಂಪ್ ಒಳಗೇ ಅದರ ಎರಡು ಪಟ್ಟಿನ ಆವರ್ತನ ಹುಟ್ಟುತ್ತೆ. ಅದರಿಂದ ಬರೀ ಒಂದು ಗೆರೆ ಬಂದಿದ್ದರೆ ಪರವಾಗಿರಲಿಲ್ಲ, ಪ್ರೀಆಂಪ್ ಪೂರಾ ಕುಗ್ಗಿಹೋಗಿರುತ್ತೆ, ಸಣ್ಣ ಸಿಗ್ನಲ್ ಅದಕ್ಕೆ ಕೇಳಿಸೋದೇ ಇಲ್ಲ. ಪ್ರೀಆಂಪ್‌ಗಿಂತ ಮುಂಚೆ ಒಂದು ಎಫ್‌ಎಂ ತಡೆಯುವ ಫಿಲ್ಟರ್ ಹಾಕಿ. ಹಿಂದೆ ಹಾಕಿದರೆ ಪ್ರಯೋಜನ ಇಲ್ಲ.

ಇನ್ನೊಂದು, ಆ 35 ಸೆಂ.ಮೀ. ಕೇಬಲ್. ಅದು ಗಾಳಿಯಲ್ಲಿನ ಲೆಕ್ಕ. ಮಾಮೂಲಿ ಕೋಯಾಕ್ಸ್ ಒಳಗೆ ಅಲೆಯ ವೇಗ ಬೆಳಕಿನ ವೇಗದ 0.66 ಭಾಗ, ಹಾಗಾಗಿ 213 ಮೆಗಾಹರ್ಟ್ಸ್‌ಗೆ 23 ಸೆಂ.ಮೀ. ಸಾಕು. ಈಗ ನಿಮ್ಮ ತುಂಡು ಒಂದೂವರೆ ಕ್ವಾರ್ಟರ್ ಆಗಿದೆ. ಪಲ್ಸ್ ಬಂದಾಗ ಡಯೋಡ್ ಆ ತುದಿಯನ್ನು ಶಾರ್ಟ್ ಮಾಡಿದರೂ, ಕಾಯಿಲ್ ಕಡೆಯಿಂದ ನೋಡಿದರೆ ಅಲ್ಲಿ 50 ಓಮ್‌ನ ಕೆಪಾಸಿಟರ್ ಕಟ್ಟಿದ ಹಾಗೆ. ನಿಮ್ಮ ಟ್ಯೂನಿಂಗ್ ಪಲ್ಸ್ ಹೊತ್ತಲ್ಲಿ ಒಂದು, ಕೇಳುವ ಹೊತ್ತಲ್ಲಿ ಇನ್ನೊಂದು.

---

ಹಳೇಬೆಂಚು

ತಂತಿಮನೆಯವರು ರೇಡಿಯೋ ಕಡೆಯದು ಸರಿಯಾಗಿ ಹಿಡಿದಿದ್ದಾರೆ. ಆದರೆ ಅದೆಲ್ಲ ಸರಿಹೋದರೂ ಈ ಪಲ್ಸ್‌ಗಳಲ್ಲಿ ಎಕೋ ಬರಲ್ಲ. ಪ್ರೋಟಾನಿನ ಲೆಕ್ಕವನ್ನು ಪೂರ್ತಿ ಬದಿಗಿಡಿ ಮೇಡಂ.

ಮೊದಲು ಆವರ್ತನ. 217 ಅನ್ನೋದು ದ್ರವ ಹೀಲಿಯಂ ತಾಪದಲ್ಲಿನ ಸಂಖ್ಯೆ. ಬಿಸಿಯಾದಂತೆ ಲೋಹದ ಕಾಂತತೆ ಸ್ವಲ್ಪ ಇಳಿಯುತ್ತೆ, ಅದರ ಜೊತೆ ನ್ಯೂಕ್ಲಿಯಸ್ ಕಾಣುವ ಕ್ಷೇತ್ರವೂ ಇಳಿಯುತ್ತೆ. ಕೋಣೆಯ ತಾಪದಲ್ಲಿ ಎಫ್‌ಸಿಸಿ (ಪರಮಾಣು ಪದರಗಳ ಒಂದು ಬಗೆಯ ಜೋಡಣೆ) ಕೋಬಾಲ್ಟ್ 213ರ ಹತ್ತಿರ. 1959ರಲ್ಲಿ ಗೊಸ್ಸಾರ್ಡ್ ಮತ್ತು ಪೋರ್ಟಿಸ್ ಮೊದಲು ಕಂಡಿದ್ದೂ ಇದನ್ನೇ.

ಇನ್ನು ಈ ಪ್ರಯೋಗದ ಜೀವಾಳಕ್ಕೆ ಬರೋಣ. ನೀವು ಕಾಯಿಲ್‌ನಲ್ಲಿ ಕೊಡುವ ಆರ್‌ಎಫ್ ನೇರವಾಗಿ ನ್ಯೂಕ್ಲಿಯಸ್ಸನ್ನು ತಿರುಗಿಸೋದಿಲ್ಲ. ಅದು ಡೊಮೇನ್ ಗೋಡೆಗಳನ್ನು (ಲೋಹದೊಳಗೆ ಬೇರೆ ಬೇರೆ ದಿಕ್ಕಿಗೆ ಕಾಂತತೆ ಇರುವ ಪ್ರದೇಶಗಳ ನಡುವಿನ ಗಡಿಗಳನ್ನು) ಒಂಚೂರು ಅಲ್ಲಾಡಿಸುತ್ತೆ. ಗೋಡೆ ಅಲ್ಲಾಡಿದಾಗ ಅದರೊಳಗಿನ ಎಲೆಕ್ಟ್ರಾನ್ ಸ್ಪಿನ್ನುಗಳು ಓಲುತ್ತವೆ, ಅವುಗಳ ಜೊತೆ ಆ 21 ಟೆಸ್ಲಾ ಕ್ಷೇತ್ರವೇ ಓಲುತ್ತೆ. ಹಾಗಾಗಿ ನ್ಯೂಕ್ಲಿಯಸ್‌ಗೆ ತಟ್ಟುವ ಆರ್‌ಎಫ್ ನೀವು ಕೊಟ್ಟಿದ್ದಕ್ಕಿಂತ ನೂರಾರು, ಕೆಲವೊಮ್ಮೆ ಸಾವಿರ ಪಟ್ಟು. ಹಿಂದಕ್ಕೆ ಬರುವ ಸಿಗ್ನಲ್ಲೂ ಹಾಗೇ ದೊಡ್ಡದಾಗಿ ಬರುತ್ತೆ, ಮನೆಯ ಮೇಜಿನ ಮೇಲೆ ಇದು ಸಾಧ್ಯವಾಗೋದೇ ಅದರಿಂದ. 10 ವ್ಯಾಟನ್ನು 10 ಮೈಕ್ರೋಸೆಕೆಂಡ್ ಕೊಟ್ಟರೆ ಸ್ಪಿನ್ನು ಹತ್ತಾರು ಸುತ್ತು ತಿರುಗಿ ಎಲ್ಲ ಕಲಸಿಹೋಗುತ್ತೆ.

ಆಂಪ್ಲಿಫೈಯರ್ ಆದ ಮೇಲೆ, ಡಯೋಡ್‌ಗೆ ಮುಂಚೆ 20 ಡಿಬಿ ತನಕ (ಅಂದರೆ ನೂರನೇ ಒಂದು ಭಾಗಕ್ಕೆ) ತಗ್ಗಿಸುವ, ಹೆಚ್ಚುಕಡಿಮೆ ಮಾಡಬಹುದಾದ ಅಟೆನ್ಯುಯೇಟರ್ ಹಾಕಿ, ಅದು 10 ವ್ಯಾಟ್ ತಡೆಯುವಂಥದ್ದೇ ಇರಲಿ. 0.1 ವ್ಯಾಟ್‌ನಿಂದ ಶುರು ಮಾಡಿ ನಿಧಾನಕ್ಕೆ ಏರಿಸಿ. ಎರಡೂ ಪಲ್ಸ್ ಒಂದೊಂದು ಮೈಕ್ರೋಸೆಕೆಂಡ್, ಸಮ ಸಮ. ಗೋಡೆಯ ನಡುವೆ ಇರುವ ನ್ಯೂಕ್ಲಿಯಸ್‌ಗೂ ಅಂಚಿನದಕ್ಕೂ ಸಿಗುವ ಬಲ ಬೇರೆ ಬೇರೆ, ಹಾಗಾಗಿ ಮೊದಲ ಪಲ್ಸ್ 90 ಡಿಗ್ರಿ, ಎರಡನೆಯದು 180 ಡಿಗ್ರಿ ತಿರುಗಿಸುತ್ತೆ ಅನ್ನೋ ಶುದ್ಧ ಲೆಕ್ಕ ಇಲ್ಲಿ ನಡೆಯಲ್ಲ. ಅಂತರ 8 ಅಥವಾ 10 ಮೈಕ್ರೋಸೆಕೆಂಡ್. 200 ಬಿಟ್ಟರೆ ಎಕೋ ಹುಟ್ಟುವ ಮೊದಲೇ ಸತ್ತಿರುತ್ತೆ.

ಪುಡಿಯ ಕಣ ಎಷ್ಟು ದೊಡ್ಡದು? ಮ್ಯಾಗ್ನೆಟ್‌ಗೆ ಅಂಟುತ್ತಾ?

---

ಮಂಜುಬೆಟ್ಟ

ಅಂಟುತ್ತೆ ಸರ್. ಡಬ್ಬಿ ಮೇಲೆ 1.6 ಮೈಕ್ರಾನ್ ಅಂತ ಇದೆ.

ಕೇಬಲ್ 23ಕ್ಕೆ ಕತ್ತರಿಸಿದೆ, ಫಿಲ್ಟರ್ ಹಾಕಿದೆ, 206.2ರ ಗೆರೆ ಮಾಯ. ತಂತಿಮನೆ ಅಣ್ಣ, ತುಂಬಾ ಉಪಕಾರ ಆಯ್ತು. ಆದರೆ ಎಕೋ ಇನ್ನೂ ಇಲ್ಲ. ನಳಿಕೆ ಒಳಗಿಟ್ಟ ಕೂಡಲೇ ಕಾಯಿಲ್‌ನ ಟ್ಯೂನಿಂಗ್ ಚಪ್ಪಟೆ ಆಗುತ್ತೆ. ಅದರ ಮೇಲೆ ಕಕ್ಕಡದ (ಕೊಡಗಿನ ಮಳೆಗಾಲದ ತಿಂಗಳು) ಮಳೆ, ಬೆಳಿಗ್ಗೆ 213ಕ್ಕೆ ಕೂರಿಸಿದ್ದು ಮಧ್ಯಾಹ್ನ ನೋಡಿದರೆ 210ರಲ್ಲಿ ಇರುತ್ತೆ.

---

ಹಳೇಬೆಂಚು

1.6 ಮೈಕ್ರಾನ್ ಒಳ್ಳೆಯ ಗಾತ್ರ. ನ್ಯಾನೋ ಪುಡಿ ಆಗಿದ್ದರೆ ಒಂದೊಂದು ಕಣವೂ ಒಂದೇ ಡೊಮೇನ್ ಆಗಿ ಗೋಡೆಯೇ ಇರ್ತಿರಲಿಲ್ಲ. ದಪ್ಪ ಕಣವಾಗಿದ್ದರೆ ಆರ್‌ಎಫ್ ಒಳಗೆ ಇಳಿಯಲ್ಲ, ಈ ಆವರ್ತನದಲ್ಲಿ ಕೆಲವೇ ಮೈಕ್ರಾನ್ ಇಳಿಯುತ್ತೆ ಅಷ್ಟೆ. ನಿಮ್ಮ ತೊಂದರೆ ಒತ್ತಿ ತುಂಬಿದ್ದು. ಕಣಕ್ಕೆ ಕಣ ತಾಗಿ ಇಡೀ ನಳಿಕೆ ಒಂದು ಲೋಹದ ಕಡ್ಡಿ ಆಗಿದೆ. ಬಿಡಿಬಿಡಿಯಾಗಿಸಬೇಕು. ಪ್ಯಾರಾಫಿನ್ ಇಲ್ಲದಿದ್ದರೆ ಜೇನುಮೇಣ ಆಗುತ್ತೆ, ಅದು ನಿಮ್ಮೂರಲ್ಲಿ ಸಿಗದೇ ಇರುತ್ತಾ? ಬಿಸಿನೀರಲ್ಲಿ ಬಟ್ಟಲಿಟ್ಟು ಕರಗಿಸಿ, ಮೇಣ ಹೆಚ್ಚು, ಪುಡಿ ಕಡಿಮೆ, ಗಟ್ಟಿಯಾಗುವ ತನಕ ಕಲಕುತ್ತಾ ಇರಿ. ಬಿಟ್ಟರೆ ಪುಡಿ ತಳ ಸೇರುತ್ತೆ. ಹತ್ತಿರ ಸ್ಪೀಕರ್, ಮ್ಯಾಗ್ನೆಟ್ ಯಾವುದೂ ಬೇಡ.

ಒಂದು ಮಾತು ದಯವಿಟ್ಟು ಮರೀಬೇಡಿ: ಕೋಬಾಲ್ಟ್ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಮುಖಕ್ಕೆ ಸರಿಯಾದ ಮಾಸ್ಕ್, ಕೈಗೆ ಗ್ಲೌಸ್. ಅಡುಗೆಮನೆಯಲ್ಲಿ ಬೇಡ, ಅಡುಗೆಯ ಪಾತ್ರೆಯಲ್ಲಂತೂ ಬೇಡವೇ ಬೇಡ. ಬೆಂಕಿಯ ಹತ್ತಿರವೂ ಬೇಡ. ಒಮ್ಮೆ ಮೇಣದಲ್ಲಿ ಕೂತರೆ ಮಕ್ಕಳ ಕೈಗೂ ನೆಮ್ಮದಿಯಾಗಿ ಕೊಡಬಹುದು.

---

ತಂತಿಮನೆ

ತೇವಕ್ಕೆ ನಾನು ಮಾಡೋದು ಹೇಳ್ತೀನಿ. ಕಾಯಿಲ್, ಟ್ರಿಮ್ಮರ್ ಎರಡನ್ನೂ ಮುಚ್ಚಳ ಇರುವ ಅಲ್ಯೂಮಿನಿಯಂ ಡಬ್ಬಿಗೆ ಹಾಕಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ. ವಾರಕ್ಕೊಮ್ಮೆ ಪೊಟ್ಟಣ ಬಿಸಿ ಮಾಡಿ ಒಣಗಿಸಿ. ಮಳೆಗಾಲ ಪೂರ್ತಿ ನನ್ನ ರೇಡಿಯೋ ಹೀಗೇ ಬದುಕೋದು.

---

ಮಂಜುಬೆಟ್ಟ

ಬಂತು!

ನಿನ್ನೆ ರಾತ್ರಿ ಹತ್ತೂವರೆಗೆ. ಹೊರಗೆ ಮಳೆ, ಕರೆಂಟ್ ಎರಡು ಸಲ ಹೋಗಿ ಬಂತು. 213ಕ್ಕೆ ಟ್ಯೂನ್ ಮಾಡಿ, 0.1 ವ್ಯಾಟ್‌ನಲ್ಲಿ ಏನೂ ಕಾಣದೆ ಮೆಲ್ಲಗೆ ಏರಿಸುತ್ತಾ ಹೋದೆ. 0.4ರ ಹತ್ತಿರ ಎರಡನೇ ಪಲ್ಸ್ ಆದ ಮೇಲೆ ಒಂದು ಸಣ್ಣ ಗುಡ್ಡ ಎದ್ದಿತು. ಕೈ ನಡುಗ್ತಿತ್ತು. ಮೊದಲ ಪಲ್ಸ್‌ನಿಂದ ಅಳೆದರೆ, ಅಂತರ 8 ಇಟ್ಟಾಗ 16ರಲ್ಲಿ, 10 ಇಟ್ಟಾಗ 20ರಲ್ಲಿ, 14 ಇಟ್ಟಾಗ 28ರಲ್ಲಿ. ಸರಿಯಾಗಿ ಎರಡು ಪಟ್ಟು. 14ಕ್ಕೆ ಬರುವಷ್ಟರಲ್ಲಿ ಎತ್ತರ ಅರ್ಧ ಆಗಿತ್ತು. ನಿಯೋಡಿಮಿಯಂ ಮ್ಯಾಗ್ನೆಟ್ ಡಬ್ಬಿ ಪಕ್ಕ ತಂದೆ, ಎಕೋ ಕುಗ್ಗಿತು. ದೂರ ಒಯ್ದೆ, ಮತ್ತೆ ಎದ್ದಿತು.

ಒಂದೊಂದು ಮೆಗಾಹರ್ಟ್ಸ್ ಸರಿಸಿ, ಪ್ರತಿ ಸಲ ಟ್ರಿಮ್ಮರ್ ತಿರುಗಿಸಿ, 206ರಿಂದ 222ರ ತನಕ ಅಳೆದೆ. ಶಿಖರ 213ರಲ್ಲೇ. ಆದರೆ ಎಡಗಡೆ ಬೇಗ ಇಳಿಯುತ್ತೆ, ಬಲಗಡೆ ಇಳಿಯೋದೇ ಇಲ್ಲ, 220ರ ಸುತ್ತ ಒಂದು ಭುಜ ಇದೆ. ನನ್ನ ತಪ್ಪಾ?

---

ಹಳೇಬೆಂಚು

ತಪ್ಪಲ್ಲ ಮೇಡಂ, ನಿಮಗೆ ಸಿಕ್ಕ ಬಹುಮಾನ ಅದು. ಎಕೋ ಎರಡು ಪಟ್ಟಿನಲ್ಲಿ ಕೂತಿದೆ, ಆವರ್ತನವೂ ಸರಿ, ಅನುಮಾನವೇ ಬೇಡ. ಮ್ಯಾಗ್ನೆಟ್ ತಂದಾಗ ಗೋಡೆಗಳು ಸರಿದು ಹೋಗ್ತವೆ, ಅದಕ್ಕೇ ಕುಗ್ಗಿದ್ದು.

ಆ ಭುಜ ಎಚ್‌ಸಿಪಿ (ಪದರಗಳ ಇನ್ನೊಂದು ಬಗೆಯ ಜೋಡಣೆ) ಕೋಬಾಲ್ಟಿನದು. ಸುಮಾರು 420 ಡಿಗ್ರಿಗಿಂತ ಕೆಳಗೆ ಕೋಬಾಲ್ಟ್ ಎಚ್‌ಸಿಪಿ ಜೋಡಣೆಯಲ್ಲೇ ಇರಬೇಕು, ಆದರೆ ಸಣ್ಣ ಪುಡಿಯಲ್ಲಿ ಎಫ್‌ಸಿಸಿ ಹಾಗೇ ಉಳಿದುಬಿಡುತ್ತೆ. ನಿಮ್ಮ ನಳಿಕೆಯಲ್ಲಿ ಎರಡೂ ಇವೆ, ಪದರಗಳ ಜೋಡಣೆ ತಪ್ಪಿದ ಜಾಗಗಳೂ ಇವೆ, ಅವುಗಳ ಆವರ್ತನ ಎರಡರ ನಡುವೆ ಬೀಳುತ್ತೆ. ಎಕ್ಸ್‌ರೇ ಇಲ್ಲದೆ ಪರಮಾಣು ಹೇಗೆ ಕೂತಿದೆ ಅಂತ ನೀವು ಓದ್ತಿದ್ದೀರಿ. 230ರ ತನಕ ಅಳೆದು ಪೂರ್ತಿ ಗೆರೆ ಹಾಕಿ, ನೋಡೋಣ.

---

ಮಂಜುಬೆಟ್ಟ

ಟ್ರಿಮ್ಮರ್ 222ಕ್ಕೇ ನಿಲ್ಲುತ್ತೆ ಸರ್. ಒಂದು ಸುತ್ತು ಕಡಿಮೆ ಮಾಡಿ ಹೊಸ ಕಾಯಿಲ್ ಸುತ್ತುತ್ತಿದ್ದೀನಿ. ಶನಿವಾರ ಗ್ರಾಫ್ ಹಾಕ್ತೀನಿ.