ಅಪ್‌ಡೇಟ್ ಹಾಕಿದ ಮೇಲೆ ವೈಫೈ ಇಲ್ಲ. ಅಪ್‌ಡೇಟ್ ಯಾವಾಗ ಹಾಕಬೇಕು, ಯಾವಾಗ ಬಿಡಬೇಕು?

ಅಚ್ಚುಮೊಳೆ: ಅಪ್‌ಡೇಟ್ ಬಂದಿದೆ ಎಂದಿತು, ಒಪ್ಪಿದೆ. ಕಂಪ್ಯೂಟರ್ ಮತ್ತೆ ಆನ್ ಆದಾಗ ಪಟ್ಟಿಯಲ್ಲಿ ಒಂದೇ ಒಂದು ವೈಫೈ ಹೆಸರೂ ಇಲ್ಲ. ನಾಳೆ ಸಂಜೆಯೊಳಗೆ ಸಂಘದ ಸ್ಮರಣ ಸಂಚಿಕೆಯ ಪುಟಗಳು ಮುದ್ರಣಾಲಯಕ್ಕೆ ಹೋಗಬೇಕು. ಆಪರೇಟಿಂಗ್ ಸಿಸ್ಟಮ್ ಉಬುಂಟು ಲಿನಕ್ಸ್ 24.04. ಹೊಸ ಆವೃತ್ತಿಗೇನೂ ಹೋಗಿಲ್ಲ, ಮಾಮೂಲಿ ಅಪ್‌ಡೇಟ್ ಅಷ್ಟೇ. ಸರಿಯಾಗಿ ನಡೆಯುತ್ತಿದ್ದುದನ್ನು ಕೆಡಿಸುವುದಾದರೆ ಇದನ್ನು ಏಕೆ ಹಾಕಬೇಕು?

ಟರ್ಮಿನಲ್‌ರಾಯ: ಸಹಿಯಿಲ್ಲದ ತಂತ್ರಾಂಶವನ್ನು ತಡೆಯುವ ಸೆಕ್ಯೂರ್ ಬೂಟ್‌ನದೇ ಕಿತಾಪತಿ. ಬಯೋಸ್‌ಗೆ (ಕಂಪ್ಯೂಟರ್ ಆನ್ ಆಗುವಾಗಿನ ಸೆಟ್ಟಿಂಗ್ಸ್) ಹೋಗಿ ಆಫ್ ಮಾಡಿ.

ಅಚ್ಚುಮೊಳೆ: ಮೊದಲಿನಿಂದಲೂ ಆಫ್ ಆಗಿಯೇ ಇದೆ ಸರ್.

ಟರ್ಮಿನಲ್‌ರಾಯ: ಬಯೋಸ್ ಅಪ್‌ಡೇಟ್ ಆದಾಗ ತಾನಾಗಿ ಆನ್ ಆಗುವುದುಂಟು. ಇನ್ನೊಮ್ಮೆ ನೋಡಿ, ಲಕ್ಷಣಗಳೆಲ್ಲ ಅದರದೇ.

ಅಚ್ಚುಮೊಳೆ: ನೋಡಿದೆ. ಆಫ್.

ಕರಾವಳಿ_ಕರ್ನಲ್: ರಾಯರೇ, ಅದನ್ನು ಬಿಡಿ. ಅಚ್ಚುಮೊಳೆಯವರೇ, ವೈಫೈ ಕಂಪ್ಯೂಟರಿನ ಒಳಗಿನದೋ, ಹೊರಗೆ ಸಿಕ್ಕಿಸಿದ್ದೋ?

ಅಚ್ಚುಮೊಳೆ: ಯುಎಸ್‌ಬಿ ಅಡಾಪ್ಟರ್. ಡೆಸ್ಕ್‌ಟಾಪ್‌ಗೆ ಇನ್ನೇನು ಇರುತ್ತದೆ? ಅದನ್ನು ನಡೆಸುವ ಡ್ರೈವರ್ ತಂತ್ರಾಂಶವನ್ನು ಅಂಗಡಿಯ ಹುಡುಗ ಎಲ್ಲಿಂದಲೋ ಇಳಿಸಿ ಹಾಕಿಕೊಟ್ಟಿದ್ದ.

ಕರಾವಳಿ_ಕರ್ನಲ್: ಬೇಕಿದ್ದ ವಿವರ ಇದೇ. 24.04 ಬಂದದ್ದು 6.8 ಕರ್ನಲ್‌ನೊಂದಿಗೆ; ಕರ್ನಲ್ ಎಂದರೆ ವ್ಯವಸ್ಥೆಯ ತಿರುಳು. ಡೆಸ್ಕ್‌ಟಾಪ್‌ನಲ್ಲಿ ಮಾಮೂಲಿ ಅಪ್‌ಡೇಟ್‌ಗಳ ಜೊತೆಗೇ ಅದು 6.11, ಬಳಿಕ 6.14 ಎಂದು ಏರುತ್ತದೆ. ಹೊರಗಿನ ಡ್ರೈವರ್ ಪ್ರತಿ ಹೊಸ ಕರ್ನಲ್‌ಗೂ ಮತ್ತೆ ಕಂಪೈಲ್ ಆಗಬೇಕು. ಆ ಕೆಲಸಕ್ಕೆಂದೇ ಇರುವ ಡಿಕೆಎಂಎಸ್ ಇದ್ದರೆ ಅದು ತಾನಾಗಿ ಪ್ರಯತ್ನಿಸುತ್ತದೆ. ಡ್ರೈವರ್ ತೀರಾ ಹಳೆಯದಾದರೆ ಅದರ ಕೈಯಲ್ಲೂ ಆಗುವುದಿಲ್ಲ. ಹಿಂದಿನ ಕರ್ನಲ್ ಇನ್ನೂ ಡಿಸ್ಕಿನಲ್ಲಿರುತ್ತದೆ. ಆನ್ ಆಗುವಾಗ ಎಸ್ಕೇಪ್ ಒತ್ತಿ, ಗ್ರಬ್ ಎಂಬ ಆರಂಭದ ಪಟ್ಟಿಯಲ್ಲಿ ‘ಅಡ್ವಾನ್ಸ್‌ಡ್ ಆಪ್ಷನ್ಸ್’ ಒಳಗೆ ಅದನ್ನು ಆರಿಸಿ. ಅದೂ ಆಗದಿದ್ದರೆ ಫೋನನ್ನು ಕೇಬಲ್‌ನಿಂದ ಜೋಡಿಸಿ, ಫೋನಿನ ಇಂಟರ್ನೆಟ್ ಹಂಚುವ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ ಪುಟಗಳನ್ನು ಕಳುಹಿಸಿಬಿಡಿ.

ನಿಧಾನವೇ_ಪ್ರಧಾನ: ಇದಕ್ಕೇ ನಾನು ಯಾವ ಅಪ್‌ಡೇಟನ್ನೂ ಮುಟ್ಟುವುದಿಲ್ಲ. 2024ರ ಜುಲೈ 19 ಮರೆತಿರಾ? ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಕಂಪನಿಯ ಅಪ್‌ಡೇಟ್‌ನಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೆಟ್ಟು ನಿಂತವು. ವಿಮಾನ ನಿಲ್ದಾಣದಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು.

ಟರ್ಮಿನಲ್‌ರಾಯ: ಉದಾಹರಣೆಯೇ ತಪ್ಪು. ಒಂದು ಆವೃತ್ತಿ ಹಿಂದೆಯೇ ಇರುತ್ತೇವೆ ಎಂದು ಹೊಂದಿಸಿಕೊಂಡವರಿಗೂ ಆ ಅಪ್‌ಡೇಟ್‌ನ ಕಡತ ಹೋಯಿತು. ಕಾದು ಕುಳಿತವರಿಗೇನು ಲಾಭ? ಸುಲಿಗೆ ವೈರಸ್ ವಾನಾಕ್ರೈ ನೋಡಿ. ಮೈಕ್ರೋಸಾಫ್ಟ್ 2017ರ ಮಾರ್ಚ್ 14ಕ್ಕೇ ದೋಷ ಮುಚ್ಚುವ ಪ್ಯಾಚ್ ಕೊಟ್ಟಿತ್ತು, ದಾಳಿ ನಡೆದದ್ದು ಮೇ 12ಕ್ಕೆ. ನಡುವೆ ಸುಮ್ಮನಿದ್ದವರ ಕಡತಗಳಿಗೆ ಬೀಗ ಬಿತ್ತು.

ನಿಧಾನವೇ_ಪ್ರಧಾನ: 2018ರ ಅಕ್ಟೋಬರ್‌ನಲ್ಲಿ ವಿಂಡೋಸ್ 10 ಅಪ್‌ಡೇಟ್ ಕೆಲವರ ಸ್ವಂತ ಕಡತಗಳನ್ನೇ ಅಳಿಸಿತಲ್ಲ, ಅದಕ್ಕೇನು ಹೇಳುತ್ತೀರಿ?

ಕರಾವಳಿ_ಕರ್ನಲ್: ನೀವಿಬ್ಬರೂ ಹೇಳುತ್ತಿರುವುದು ಬೇರೆ ಬೇರೆ ಸಂಗತಿ. ಭದ್ರತಾ ಪ್ಯಾಚ್ ಬಂದ ಕೂಡಲೇ ಹಾಕಬೇಕು, ಇದರಲ್ಲಿ ನಾನು ರಾಜಿಯಾಗುವುದಿಲ್ಲ. ಆವೃತ್ತಿಯೇ ಬದಲಾಗುವುದಾದರೆ ಕಾಯಬೇಕು. 22.04 ಬಳಸುವವರಿಗೆ ಉಬುಂಟು ಕೂಡ 24.04.1 ಬರುವ ತನಕ, ಅಂದರೆ 2024ರ ಆಗಸ್ಟ್ ಕೊನೆಯವರೆಗೂ, ಹೊಸದಕ್ಕೆ ಬನ್ನಿ ಎನ್ನಲಿಲ್ಲ.

ಸ್ನ್ಯಾಪ್‌ಶಾಟ್_ಭಟ್ಟ: ನನಗೆ ಈ ತಲೆನೋವೇ ಇಲ್ಲ. ಎರಡು ಟೆರಾಬೈಟ್ ಎನ್‌ವಿಎಂಇ ಡಿಸ್ಕ್, ಮೇಲೆ ಬಿಟಿಆರ್‌ಎಫ್‌ಎಸ್ ಕಡತ ವ್ಯವಸ್ಥೆ, ಅಪ್‌ಡೇಟ್‌ಗೆ ಮುಂಚೆ ಟೈಮ್‌ಶಿಫ್ಟ್‌ನಲ್ಲಿ ವ್ಯವಸ್ಥೆಯ ಪ್ರತಿ. ಕೆಟ್ಟರೆ ಕ್ಷಣದಲ್ಲಿ ಹಿಂದಕ್ಕೆ.

ಟರ್ಮಿನಲ್‌ರಾಯ: ಟೈಮ್‌ಶಿಫ್ಟ್ ತಾನಾಗಿ ನಮ್ಮ ಕಡತಗಳಿರುವ ಹೋಮ್ ಫೋಲ್ಡರನ್ನು ಸೇರಿಸಿಕೊಳ್ಳುವುದಿಲ್ಲ. ಸಂಚಿಕೆಯ ಪುಟಗಳಿಗೆ ಬೇರೆ ಬ್ಯಾಕಪ್ ಬೇಕೇ ಬೇಕು.

ಸ್ನ್ಯಾಪ್‌ಶಾಟ್_ಭಟ್ಟ: ಹೋಮ್‌ಗೆ ನಾಲ್ಕು ಡಿಸ್ಕಿನ ನಾಸ್ (ನೆಟ್‌ವರ್ಕ್ ಸಂಗ್ರಹ ಪೆಟ್ಟಿಗೆ) ಇದೆ. ಫೋಟೊ ಹಾಕುತ್ತೇನೆ.

ಅಚ್ಚುಮೊಳೆ: 6.11 ಆರಿಸಿದೆ, ವೈಫೈ ಬಂತು, ಪುಟಗಳು ಹೋದವು. ಕರಾವಳಿಯವರೇ, ನಿಮ್ಮ ಉಪಕಾರ ದೊಡ್ಡದು. ಆದರೆ ಪ್ರತಿ ಬಾರಿಯೂ ಗ್ರಬ್‌ನಲ್ಲಿ ಆರಿಸುತ್ತ ಕೂರಬೇಕೇ?

ಕರಾವಳಿ_ಕರ್ನಲ್: ಬೇಡ. 6.8 ಕರ್ನಲ್ ತರುವ ‘ಲಿನಕ್ಸ್-ಜೆನೆರಿಕ್’ ಪ್ಯಾಕೇಜ್ ಹಾಕಿ, ಡ್ರೈವರ್ ಕಂಪೈಲ್‌ಗೆ ಬೇಕಾದ ಹೆಡರ್‌ಗಳೂ ಅದರೊಂದಿಗೇ ಬರುತ್ತವೆ. ಗ್ರಬ್‌ನಲ್ಲಿ 6.8 ಆರಿಸಿ ವೈಫೈ ಬಂದದ್ದನ್ನು ಕಣ್ಣಾರೆ ಕಂಡ ಮೇಲೆ, ಹೊಸ ಕರ್ನಲ್‌ಗಳನ್ನು ಎಳೆದು ತರುವ, ಹೆಸರಿನಲ್ಲಿ ‘ಎಚ್‌ಡಬ್ಲ್ಯುಇ’ ಇರುವ ಕರ್ನಲ್ ಪ್ಯಾಕೇಜನ್ನೂ 6.14, 6.11 ಎರಡನ್ನೂ ತೆಗೆಯಿರಿ. 6.8ಕ್ಕೆ ಭದ್ರತಾ ಪ್ಯಾಚ್‌ಗಳು ಬರುತ್ತಲೇ ಇರುತ್ತವೆ.

ಹೊಸಬ_ಹಾಸನ: ನನ್ನದೂ ಇಂಥದೇ ಅಡಾಪ್ಟರ್, ಆದರೆ ಉಬುಂಟು ಅಲ್ಲ, ಲಿನಕ್ಸ್ ಮಿಂಟ್. ಅಲ್ಲೂ ಇದೇ ಕ್ರಮವೇ?