ಆಯುಷ್ಮಾನ್ ಕಾರ್ಡಲ್ಲಿ ಕುಡಿತ ಬಿಡಿಸೋ ಟ್ರೀಟ್‌ಮೆಂಟ್ ಆಗುತ್ತಾ? (ಕೋಲಾರ)

ಮಾವಿನೂರು_ಹುಡುಗ:
ನಮ್ ಭಾವ ಶ್ರೀನಿವಾಸಪುರ ಮಂಡೀಲಿ ಹಮಾಲಿ, ಸೀಸನ್ನಲ್ಲಿ ಕೈತುಂಬ ದುಡ್ಡು, ಬಂದಿದ್ದೆಲ್ಲ ಎಣ್ಣೆಗೇ. ಈಗ ಬೆಳಿಗ್ಗೆ ಒಂದು ಪ್ಯಾಕೆಟ್ ಬೀಳ್ದೆ ಇದ್ರೆ ಕೈ ಹೆಂಗ್ ನಡುಗುತ್ತೆ ಅಂದ್ರೆ ಅಕ್ಕ ಟೀ ಲೋಟ ಅರ್ಧ ಮಾತ್ರ ತುಂಬಿಸಿ ಕೊಡ್ತಾಳೆ. ಈಗ ತಾನೇ ಬಿಡ್ತೀನಿ ಅಂತಿದಾರೆ. ಬೆಂಗ್ಳೂರಿನ ಒಂದು ಸೆಂಟರ್‌ನವ್ರು ಮೂರು ತಿಂಗ್ಳು ಇರ್ಬೇಕು, ಕ್ಯಾಶ್ ಮಾತ್ರ, ಕಾರ್ಡು ಗೀರ್ಡು ನಡೆಯಲ್ಲ ಅಂದ್ರು. ಬಿಪಿಎಲ್ ಕಾರ್ಡಿದೆ, ಆಯುಷ್ಮಾನೂ ಮಾಡ್ಸಿದೀವಿ. ಒಬ್ರು ಆಗುತ್ತೆ ಅಂತಾರೆ ಒಬ್ರು ಆಗಲ್ಲ ಅಂತಾರೆ. ಪ್ರೈವೇಟ್ ಪಾಲಿಸಿ ಮಾಡ್ಸಿದ್ರೆ ಹೆಂಗೆ?

ಹಳೇ_ಆರೋಗ್ಯಮಿತ್ರ:
ಇಬ್ರು ಹೇಳಿದ್ದೂ ಅರ್ಧರ್ಧ ನಿಜ ಗುರು. ಸೆಂಟರಲ್ಲಿ ತಿಂಗಳುಗಟ್ಲೆ ಇಟ್ಕೊಳೋ ರಿಹ್ಯಾಬಿಲಿಟೇಷನ್ನು, ಅಡ್ಮಿಟ್ ಆಗ್ದೆ ಬರೀ ಓಪಿಡಿ ತೋರಿಸ್ಕೊಳೋದು, ಇವೆರಡೂ ಆಯುಷ್ಮಾನಲ್ಲಿ ಬರಲ್ಲ. ಆದ್ರೆ ಮಾನಸಿಕ ಕಾಯಿಲೆ ಪ್ಯಾಕೇಜುಗಳಲ್ಲಿ ಕುಡಿತ, ಡ್ರಗ್ಸ್‌ನಿಂದ ಆಗೋ ತೊಂದರೆಗೂ ಒಂದಿದೆ, ಅದು ಆಸ್ಪತ್ರೇಲಿ ಅಡ್ಮಿಟ್ ಆದ್ರೆ ಮಾತ್ರ, ಅದೂ ಮೇನ್ ಆಗಿ ಸರ್ಕಾರಿ ಆಸ್ಪತ್ರೇಲಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್ ಆದ್ರೆ ಖರ್ಚಿನ 30 ಪರ್ಸೆಂಟು, ಅದೂ ಒಂದೂವರೆ ಲಕ್ಷದೊಳಗೆ. ರೇಷನ್ ಕಾರ್ಡು ಆಧಾರ್ ಎರಡೂ ಹಿಡ್ಕೊಂಡು ಸೀದಾ ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆಗೆ ಹೋಗಿ, ಸೈಕಿಯಾಟ್ರಿ ಡಾಕ್ಟ್ರನ್ನ ನೋಡಿ, ಪ್ರೀ-ಆಥ್ (ಟ್ರೀಟ್‌ಮೆಂಟಿಗೆ ಮುಂಚೆ ಸ್ಕೀಮ್‌ನವ್ರ ಒಪ್ಪಿಗೆ ಕೇಳೋ ಅರ್ಜಿ) ಹಾಕೋದು ಆಸ್ಪತ್ರೆಯವ್ರ ಕೆಲ್ಸ ನಿಮ್ದಲ್ಲ. ಅಲ್ಲಿ ಆಗ್ದೇ ಇದ್ರೆ ರೆಫರಲ್ ಲೆಟರ್ ಕೊಡ್ತಾರೆ, ಅದಿಲ್ದೆ ಪ್ರೈವೇಟ್ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರ್ಸಿ ಪ್ರಯೋಜನ ಇಲ್ಲ, ಎಮರ್ಜೆನ್ಸಿ ಬಿಟ್ಟು. ಲಿವರ್ ಕೆಟ್ಟಿದ್ರೆ ಅದರ ಲೆಕ್ಕವೇ ಬೇರೆ, ಅದಕ್ಕೆ ಬೇರೆ ಪ್ಯಾಕೇಜ್ ಕೋಡು.

ಪಾಲಿಸಿ_ಪುರಾಣ:
ಪ್ರೈವೇಟ್ ಪಾಲಿಸಿ ಆಸೆ ಬಿಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಕುಡಿತದಿಂದ ಬರೋ ಮಾನಸಿಕ ಸಮಸ್ಯೆನೂ ಮಾನಸಿಕ ಕಾಯಿಲೆನೇ, ಮೈ ಕಾಯಿಲೆಗೆ ಕೊಟ್ಟಂಗೇ ಇನ್ಶೂರೆನ್ಸ್ ಕೊಡ್ಬೇಕು ಅಂತ 21ನೇ ಸೆಕ್ಷನ್ನಲ್ಲಿದೆ. ಆದ್ರೂ ಇನ್ಶೂರೆನ್ಸ್ ಕಂಪನಿಗಳನ್ನ ನೋಡ್ಕೊಳೋ ಐಆರ್‌ಡಿಎಐನ ಸ್ಟ್ಯಾಂಡರ್ಡ್ ಎಕ್ಸ್‌ಕ್ಲೂಷನ್ ಪಟ್ಟಿ 12ನೇ ಕೋಡಲ್ಲಿ ಕುಡಿತದ ಟ್ರೀಟ್‌ಮೆಂಟು, ಅದರಿಂದಾಗೋ ಪರಿಣಾಮ ಎರಡನ್ನೂ ಹೊರಗಿಡೋಕೆ ಕಂಪನಿಗಳಿಗೆ ದಾರಿ ಬಿಟ್ಟಿದಾರೆ. ಒಂದ್ಕಡೆ ಕೊಟ್ಟು ಇನ್ನೊಂದ್ಕಡೆ ಕಿತ್ಕೊಂಡಂಗೆ. ಏಜೆಂಟ್ ಬಾಯಲ್ಲಿ ಮಾತ್ರ ಎಲ್ಲಾ ಕವರ್ ಆಗುತ್ತೆ.

ಮುಳಬಾಗ್ಲು_ಅಕ್ಕ:
ಕಾರ್ಡ್ ವಿಷ್ಯ ಆಮೇಲೆ ನೋಡ್ಕೊಳಿ ತಮ್ಮಾ, ಕೈ ನಡುಗೋ ಮಟ್ಟಕ್ಕೆ ಬಂದಿರೋರನ್ನ ಮನೇಲಿ ಕೂಡಿಹಾಕಿ ಒಂದೇ ಸಲ ನಿಲ್ಸಕ್ ಹೋಗ್ಬೇಡಿ. ಎರಡ್ಮೂರು ದಿನದಲ್ಲಿ ಫಿಟ್ಸ್ ಬರ್ಬೋದು, ಇಲ್ದೇ ಇರೋದೆಲ್ಲ ಕಾಣ್ಸುತ್ತೆ, ಹುಳ ಹರಿದಾಡ್ತಿದೆ ಅಂತ ಕೂಗಾಡ್ತಾರೆ, ಜೀವಕ್ಕೇ ಅಪಾಯ. ಆಸ್ಪತ್ರೇಲಾದ್ರೆ ಮಾತ್ರೆ ಕೊಟ್ಟು ದಿನಾ ಡೋಸ್ ಇಳಿಸ್ತಾ ಬರ್ತಾರೆ, ವಿಟಮಿನ್ ಬಿ1 ಇಂಜೆಕ್ಷನ್ ಹಾಕ್ತಾರೆ. ಇನ್ನೊಂದು, ಗೊತ್ತಾಗ್ದಂಗೆ ಕಾಫೀಲಿ ಹಾಕಿ ಅಂತ ಪುಡಿ ಮಾರೋರು ನಮ್ಮ ಕಡೆ ತುಂಬ ಜನ ಇದಾರೆ, ಅಕ್ಕಂಗೆ ಹೇಳಿ ಅದರ ತಂಟೆಗೇ ಹೋಗ್ಬಾರ್ದು. ಅದರಲ್ಲಿ ಡೈಸಲ್ಫಿರಾಂ ಅನ್ನೋ ಕುಡಿತ ಬಿಡಿಸೋ ಔಷ್ಧಿ ಇದ್ದು ಮೇಲೆ ಕುಡಿದ್ರೆ ಬಿಪಿ ಬಿದ್ದು ಹೋಗುತ್ತೆ. ಅದು ಪೇಷಂಟ್‌ಗೆ ಹೇಳಿ, ಒಪ್ಪಿಸಿ ಕೊಡೋ ಔಷ್ಧಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮನಸ್ 14416ಗೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ಫ್ರೀ.

ಮಾವಿನೂರು_ಹುಡುಗ:
ಅಯ್ಯೋ ಪುಡಿ ಆಗ್ಲೇ ತರ್ಸಿದ್ಳು, ಈಗ ಬಚ್ಚಲಿಗೆ ಸುರಿಸ್ತೀನಿ. ಒಂದೇ ಡೌಟು, ಹೊರಡೋ ದಿನ ಬೆಳಿಗ್ಗೆ ಕುಡಿದೇ ಬರ್ತೀನಿ ಅಂದ್ರೆ? ವಾಪಸ್ ಕಳಿಸ್ತಾರಾ?

ಮುಳಬಾಗ್ಲು_ಅಕ್ಕ:
ಕುಡಿದಿದ್ರೂ ಕರ್ಕೊಂಡ್ ಹೋಗಿ, ಅಲ್ಲಿಗೆ ಬರೋರಲ್ಲಿ ಅರ್ಧ ಜನ ಹಂಗೇ ಬರೋದು. ಕೊನೇ ಸಲ ಯಾವಾಗ ಕುಡಿದ್ರು, ದಿನಕ್ಕೆ ಎಷ್ಟು, ಮುಂಚೆ ಬಿಟ್ಟಾಗ ಫಿಟ್ಸ್ ಬಂದಿತ್ತಾ, ಇದನ್ನ ಮಾತ್ರ ಅಕ್ಕನೇ ಡಾಕ್ಟ್ರಿಗೆ ಹೇಳ್ಲಿ, ಭಾವ ಕಮ್ಮಿ ಹೇಳ್ತಾರೆ.